ಒಂದು ಸೀಟು, ಒಂದು ಕೋಲು: ಸ್ಟೀಲ್‌ಹೆಡ್ ಮೀನಿನವರಲ್ಲಿ ಒಂದು ಅಹವಾಲು

ಆಲ್ಡರ್ ಹೊಳೆಯ ತಿರುವಿನಲ್ಲಿ, ಉರುಳಿಬಿದ್ದ ಸೀಡರ್ ಮರದ ಬುಡದಲ್ಲಿ ವಾಸವಾಗಿರುವ ಮಾನ್ಯ ಸ್ಟೀಲ್‌ಹೆಡ್ ಮೀನಿನವರಿಗೆ,

ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಆರ್ಡಿಸ್ ಹೊವ್ಲಾಂಡ್ ಮಾಡುವ ವಂದನೆಗಳು. ಮೊಣಕಾಲು ನೋವೊಂದನ್ನು ಬಿಟ್ಟರೆ ನಾವಿಲ್ಲಿ ಕ್ಷೇಮ. ತಾವು ಕಡಲಿನಿಂದ ಸುಖವಾಗಿ ಬಂದು ತಲುಪಿದ್ದೀರೆಂಬುದನ್ನು ನಿನ್ನೆಯದರ ಹಿಂದಿನ ಶನಿವಾರ ಕಣ್ಣಾರೆ ಕಂಡಿದ್ದೇನೆ. ತಮ್ಮ ಸಾಲ್ಮನ್ ಬಂಧುಗಳೆಲ್ಲ ಕ್ಷೇಮವೇ, ದೊಡ್ಡಪ್ಪ ಚಿನೂಕರ ಮೈಭಾರ ಹೇಗಿದೆ? ಕೋಹೋ ಅಣ್ಣಂದಿರ ಮೂತಿ ಈ ವರ್ಷವೂ ಕೊಕ್ಕೆಯಂತೆ ಬಾಗಿದೆಯೇ? ಚಮ್ ಅತ್ತೆಯವರ ನೇರಳೆ ಪಟ್ಟೆಗಳು ಮಾಸಿಲ್ಲವಷ್ಟೇ? ಅಳಿವೆಯಲ್ಲಿ ಬಾಯಿ ತೆರೆದು ಕಾಯುವ ಕಡಲಸಿಂಹಗಳು ಯಾರನ್ನೂ ಅಡ್ಡಗಟ್ಟಲಿಲ್ಲವೆಂದು ನಂಬಿದ್ದೇನೆ. ಎಲ್ಲರಿಗೂ ನನ್ನ ನೆನಪುಗಳನ್ನು ತಿಳಿಸಿರಿ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮ ಐನಾರನ ದೋಣಿಯನ್ನು ತಾವು ಕೆಳಗಿನಿಂದ ನೋಡಿ ಬಲ್ಲಿರಿ. ಹುಟ್ಟು ಹಾಕಲು ಅವನು, ಗಾಳ ಹಾಕಲು ಮುಂದಿನ ಸೀಟಿನಲ್ಲಿ ನಾನು, ಇದು ಬಹುಕಾಲದಿಂದ ನಡೆದುಬಂದ ವ್ಯವಸ್ಥೆ. ಈ ವರ್ಷ ಅವನ ಮಗಳು ಅರಿಜೋನಾದ ಮರಳುಗಾಡಿನಿಂದ ಕೆಂಡ್ರಿಕ್ ಎಂಬ ಗಂಡನನ್ನು ಕರೆತಂದಳು, ಆ ಗಂಡ ಅದೇ ಸೀಟಿನ ಮೇಲೆ ಕಣ್ಣಿಟ್ಟ. ಐನಾರ್ ಒಂದು ನ್ಯಾಯ ಹೇಳಿದ: ಇಬ್ಬರೂ ಒಂದೊಂದು ಶನಿವಾರ ಬನ್ನಿ, ಮನೆಗೆ ಮೀನು ತಂದವರಿಗೆ ವಸಂತದವರೆಗೂ ಸೀಟು. ಸಾಲದ್ದಕ್ಕೆ, ಹಿಂದಿನ ವರ್ಷ ನನ್ನ ಗಾಳದ ಕೋಲುಗಳೆಲ್ಲ ಒಂದಕ್ಕೊಂದು ಸಿಕ್ಕುಬಿದ್ದು ಅವನ ಟೋಪಿ ಹೊಳೆಪಾಲಾದದ್ದನ್ನು ನೆನೆದು, "ಒಂದು ಸೀಟಿಗೆ ಒಂದೇ ಕೋಲು ಕಣಕ್ಕಾ. ಎರಡನೇದು ತಂದ್ರೆ ಅದು ಈಜ್ಕೊಂಡು ಬರ್ಲಿ" ಎಂದುಬಿಟ್ಟ.

ಕೊನೆಯ ಕೋಹೋಗಳೂ ಮೊದಲ ಸ್ಟೀಲ್‌ಹೆಡ್‌ಗಳೂ ಒಂದೇ ಮಡುವಿನಲ್ಲಿ ಓಡಾಡುವ ಈ ಕಾಲದಲ್ಲಿ, ಎರಡೂ ಕುಲಕ್ಕೆ ಒಪ್ಪುವ ಒಂದೇ ಕೋಲು, ಒಂದೇ ದಾರ ಯಾವುದೆಂದು ಕಂಡುಹಿಡಿಯುವುದು ಹೀಗೆ ನನ್ನ ಪಾಲಿಗೆ ಬಂತು. ಊರಿನಲ್ಲಿ ಪ್ರತಿಯೊಬ್ಬರೂ ಮೀನಿನವರ ಪರವಾಗಿ ವಕಾಲತ್ತು ವಹಿಸುವವರೇ. ಮೀನಿನವರಿಗೆ ಉದ್ದನೆಯ ಕೋಲೇ ಇಷ್ಟವೆಂದು ಅಂಚೆಯವನು, ಗಿಡ್ಡ ಕೋಲೇ ಇಷ್ಟವೆಂದು ಪಾದ್ರಿಗಳು. ಗಾಳದಂಗಡಿಯ ಡೆಲ್ಮಾರ್ ಅಂತೂ ತಮ್ಮ ಜೊತೆಯಲ್ಲೇ ಮೊಟ್ಟೆಯೊಡೆದು ಬಂದವನಂತೆ ಮಾತಾಡಿದ: "ನೋಡು ಆರ್ಡಿಸಕ್ಕ, ಸ್ಟೀಲ್‌ಹೆಡ್ಡು ಎಲೆ ತಾಕಿದ ಹಾಗೆ ಮುಟ್ಟುತ್ತೆ, ಅದಕ್ಕೆ ತುದಿ ಮೆತ್ತಗಿರ್ಬೇಕು. ಸಾಲ್ಮನ್ನು ಎಮ್ಮೆ ಎಳೆದ ಹಾಗೆ ಎಳೆಯುತ್ತೆ, ಅದಕ್ಕೆ ಬೆನ್ನು ಗಟ್ಟಿ ಇರ್ಬೇಕು." ತುದಿಯಲ್ಲಿ ಮೆತ್ತಗೆ, ಬೆನ್ನಿನಲ್ಲಿ ಗಟ್ಟಿ; ಅಂಥ ಗಂಡೊಬ್ಬನನ್ನು ಇಡೀ ಯೌವನ ಹುಡುಕಿ ಸೋತವಳಿಗೆ ಅಂಗಡಿಯ ಮೂಲೆಯಲ್ಲಿ ಕೋಲಾಗಿ ಸಿಕ್ಕರೆ ಯಾರು ಬಿಡುತ್ತಾರೆ? ಒಂಬತ್ತಡಿಯ ಅದನ್ನು ತಂದೆ. ರೀಲಿಗೆ, ತಾವು ಮೂಸಿದರೂ ಕೈಗೆ ಸುದ್ದಿ ಮುಟ್ಟಿಸುವ ಹೆಣೆದ ದಾರ ಸುತ್ತಿದೆ. ತಮ್ಮ ಸೂಕ್ಷ್ಮ ದೃಷ್ಟಿಗೆ ಆ ದಾರ ಒರಟಾಗಿ ಕಂಡೀತೆಂದು, ಕೊನೆಯಲ್ಲಿ ನೀರಿನೊಳಗೆ ಕಾಣಿಸದ ತಂಗೂಸಿ ದಾರದ ತುಂಡನ್ನು ಕಟ್ಟಿದೆ. ಮದುವೆಯ ದಿನವೂ ನಾನು ಇಷ್ಟು ಯೋಚಿಸಿ ಉಟ್ಟಿರಲಿಲ್ಲ.

ನನ್ನ ಸರದಿಯ ಆ ಶನಿವಾರದ ಚಳಿ ತಮಗೆ ತಿಳಿದಿರಲಾರದು. ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ನನ್ನ ತುಟಿಯ ಮೇಣವನ್ನೆಲ್ಲ ಅವಕ್ಕೆ ಬಳಿದು, ನಾನು ಒಡೆದ ತುಟಿಯಲ್ಲಿ ಕುಳಿತೆ. ಆಗ ತಾವು ಬಂದಿರಿ. ಎಂಥ ಔದಾರ್ಯ! ಮೆತ್ತನೆಯ ತುದಿ ನಡುಗಿತು, ಗಟ್ಟಿ ಬೆನ್ನು ಬಾಗಿತು, ತಾವು ಬೆಳ್ಳಿಯ ಬಾಗಿಲಿನಂತೆ ನೀರಿನಿಂದ ಮೇಲೆದ್ದಿರಿ, "ಸಡಿಲ ಬಿಡು, ಬಿಡೂ, ಮರದ ಬುಡಕ್ಕೆ ಹೋಗ್ತಿದೆ, ಎಳಿಯೇ ಮಾರಾಯ್ತಿ!" ಎಂದು ಐನಾರ್ ಎರಡು ಬಗೆಯ ಸಲಹೆಯನ್ನು ಒಂದೇ ಉಸಿರಿಗೆ ಕೊಟ್ಟ. ಕೋಲು ಎಲ್ಲವನ್ನೂ ತಾಳಿತು. ತಾವು ಬಲೆಗೆ ಬಂದಿರಿ. ಆಮೇಲೆ ಬೆನ್ನು ತಿರುಗಿಸಿದಿರಿ. ಬಾಲದ ಹತ್ತಿರದ ಆ ಪುಟ್ಟ ಈಜುರೆಕ್ಕೆ ಇಡಿಯಾಗಿ, ಮುದ್ದಾಗಿ, ಬಾವುಟದಂತೆ ನಿಂತಿತ್ತು.

ಮೀನುಮರಿ ಸಾಕುವ ಕೇಂದ್ರದಲ್ಲಿ ಹುಟ್ಟಿ, ಗುರುತಿಗೆಂದು ಆ ರೆಕ್ಕೆ ಕತ್ತರಿಸಿಕೊಂಡವರನ್ನು ಮಾತ್ರ ನಾವು ಮನೆಗೆ ಕರೆದೊಯ್ಯಬಹುದು, ತಮ್ಮಂಥ ಹುಟ್ಟಾ ಹೊಳೆಯವರನ್ನು ನೀರಿನಿಂದ ಎತ್ತದೆ ಬೀಳ್ಕೊಡಬೇಕು ಎಂಬ ಕಾನೂನು ತಮಗೆ ಬಾಯಿಪಾಠವಿದ್ದೇ ತಾವು ಕಚ್ಚಿದಿರೆಂದು ನನ್ನ ಗುಮಾನಿ. ಬೀಳ್ಕೊಟ್ಟೆ. ಹೋಗುವಾಗ ಬಾಲದಿಂದ ನನ್ನ ಮುಖಕ್ಕೆ ನೀರೆರಚಿದಿರಿ. "ಹಿಡಿದದ್ದು ನೀನೂ ನೋಡಿದೆಯಲ್ಲೋ" ಎಂದರೆ ಐನಾರ್, "ಕೈಗೆ ಬಂದಿದ್ದು ಲೆಕ್ಕಕ್ಕಿಲ್ಲಕ್ಕಾ, ಒಲೆಗೆ ಬಂದಿದ್ದು ಲೆಕ್ಕ" ಎಂದ.

ನಿನ್ನೆಯ ಶನಿವಾರ ಕೆಂಡ್ರಿಕನ ಸರದಿ. ಕೆಳಗಿನ ದಡದಲ್ಲಿ ಟ್ರಕ್ಕಿನೊಂದಿಗೆ ಕಾಯುವ ಕೆಲಸ ನನ್ನದು. ದೋಣಿ ಹೊತ್ತಿಗೆ ಮೊದಲೇ ಬಂತು. ಐನಾರನ ಮುಖ ಕಪ್ಪಿಟ್ಟಿತ್ತು. ಹುಡುಗ ಮಡುವಿನ ಎದುರಿಗೇ ಬುತ್ತಿ ಬಿಚ್ಚಿ, "ಬಾಳೆಹಣ್ಣಿನ ಬ್ರೆಡ್ಡು, ಒಂದು ತುಂಡು ತಗೊಳ್ತೀರಾ ಮಾವ?" ಎಂದನಂತೆ. ಬಾಳೆಹಣ್ಣು ಹತ್ತಿದ ದೋಣಿಯ ಹತ್ತಿರ ಮೀನು ಸುಳಿಯುವುದಿಲ್ಲವೆಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಮರಳುಗಾಡಿನವನಿಗೆ ಹೇಳುವವರಾರು? "ದಾರ ಒದ್ದೆಯಾಗೋಕ್ಕೆ ಮುಂಚೇನೇ ವಾಪಸ್ ಬಂದೆ. ನನ್ನ ದೋಣಿ ತೊಳೀಬೇಕು" ಎಂದ ಐನಾರ್. ಹೀಗಾಗಿ ಸೀಟು ಇನ್ನೂ ಯಾರದ್ದೂ ಅಲ್ಲ, ಬರುವ ಶನಿವಾರ ಮತ್ತೆ ನನ್ನ ಸರದಿ, ಅದೇ ಕೊನೆಯದು ಎಂದು ಐನಾರನ ತೀರ್ಪು.

ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ಚಿನೂಕ್ ದೊಡ್ಡಪ್ಪನವರು ನನ್ನ ದಾರ ತಾಳುವಷ್ಟಕ್ಕೆ ಮೈ ಇಳಿಸಲಿ. ಕೋಹೋ ಅಣ್ಣಂದಿರು ತಮ್ಮಂತೆಯೇ ನಯವಾಗಿ ಕಚ್ಚುವುದನ್ನು ಕಲಿಯಲಿ. ಎಲ್ಲರೂ ಕಚ್ಚುವ ಮುನ್ನ ಒಮ್ಮೆ ಬೆನ್ನು ತೋರಿಸಲಿ. ಇದಾವುದೂ ಆಗದಿದ್ದರೆ, ರೆಕ್ಕೆ ಕತ್ತರಿಸಿಕೊಂಡ ಪರಿಚಯದವರು ಯಾರಾದರೂ ಇದ್ದರೆ ನನ್ನ ಹೆಸರು ಹೇಳಿ ಕಳುಹಿಸಿಕೊಡಿ.

ತಮ್ಮ ದವಡೆಯನ್ನು ಹತ್ತಿರದಿಂದ ಬಲ್ಲ ವಿಶ್ವಾಸಿ,
ಆರ್ಡಿಸ್ ಹೊವ್ಲಾಂಡ್

ತಾಜಾ ಕಲಂ: ಆ ಬ್ರೆಡ್ಡನ್ನು ಬಿಸಿಬಿಸಿಯಾಗಿ ಬಟ್ಟೆಯಲ್ಲಿ ಸುತ್ತಿ ಬುತ್ತಿಗೆ ಇಟ್ಟುಕೊಟ್ಟ ಪುಣ್ಯಾತ್ಗಿತ್ತಿ ಯಾರೆಂದು ಐನಾರ್ ಎಷ್ಟು ಗದರಿಸಿ ಕೇಳಿದರೂ ಕೆಂಡ್ರಿಕ್ ಬಾಯಿ ಬಿಡಲಿಲ್ಲ, ನನ್ನತ್ತ ನೋಡಿ ಸುಮ್ಮನೆ ನಕ್ಕ. ಚಿನ್ನದಂಥ ಹುಡುಗ. ಆ ಸೀಟೊಂದನ್ನು ಬಿಟ್ಟು ಬೇರೇನು ಕೇಳಿದರೂ ಕೊಟ್ಟೇನು. ಶನಿವಾರದೊಳಗೆ ತಪ್ಪದೆ ಉತ್ತರ ಬರೆಯಿರಿ.