ಮೊಣಕಾಲು ಸಮೇತ ಇಟಲಿಗೆ

ಬೇಡ ಅಂದದ್ದನ್ನು ಮಾಡಹೊರಟಾಗಲೇ ನಗುವಂಥದ್ದು ಏನಾದರೂ ಆಗುತ್ತದೆ. ನಮ್ಮ ಮೂವರಿಗೆ ಬೇಡ ಅನ್ನುವವರು ಬಹಳ. ಹಾಗಾಗಿ ನಗುವಿಗೆ ಬರವಿಲ್ಲ. ನಾನು ಅಮೆರಿಕದ ಕ್ಯಾನ್ಯನ್ ಪಾರ್ಕಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಗೆಳತಿ ಅಲ್ಲೇ ಪಕ್ಕದ ಕರ್ಕ್‌ಲ್ಯಾಂಡಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಡುವಾಲಿನ ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವರು; ಹೃದಯದ ಆಪರೇಷನ್ ಆದಮೇಲೆ ಕೆಲಸ ಬಿಟ್ಟು ಕೋಳಿ ಸಾಕಿಕೊಂಡಿದ್ದಾರೆ. ಮೂವರೂ ಐವತ್ತು ದಾಟಿದವರು. ಬೆನ್ನಿಗೆ ಚೀಲ ಹಾಕಿಕೊಂಡು ಇಟಲಿ ಸುತ್ತಬೇಕು ಅಂತ ನಿಶ್ಚಯ ಮಾಡಿದೆವು.

ಅಪ್ಪಣೆ

ನನ್ನ ಮಗಳು, "ಅಮ್ಮಾ, ಬ್ಯಾಕ್‌ಪ್ಯಾಕಿಂಗ್ ಈಸ್ ಫಾರ್ ಕಿಡ್ಸ್" ಅಂದಳು. ಗಂಡ ಕೇಳಿದರು, "ನಿನ್ನ ಮೊಣಕಾಲಿನ ಗತಿ?"

"ಅವನ್ನೂ ಕರ್ಕೊಂಡು ಹೋಗ್ತೀನ್ರಿ."

ಅಕ್ಕನ ಮನೆಯಲ್ಲಿ ಮಾತ್ರ ದೊಡ್ಡ ಯುದ್ಧವೇ ಆಯಿತು. ಆಪರೇಷನ್ ಆದಾಗಿನಿಂದ ಮಗ ಅವರನ್ನು ಗಾಜಿನ ಬರಣಿಯಂತೆ ನೋಡಿಕೊಳ್ಳುತ್ತಿದ್ದ. "ಅವ್ವಾ, ಡಾಕ್ಟರ್ ಏನ್ ಹೇಳ್ಯಾರ, ನೆನಪದ ಏನು?"

"ಅದ. ದಿನಾ ನಡೀರಿ ಅಂದಾರ. ಎಲ್ಲಿ ಅಂತ ಹೇಳಿಲ್ಲ."

ತಾಲೀಮು

ಭಾರ ಹೊತ್ತು ರೂಢಿಯಾಗಲಿ ಅಂತ ಚೀಲಕ್ಕೆ ಅಕ್ಕಿ ತುಂಬಿಕೊಂಡು ಡುವಾಲಿನ ನದಿ ಪಕ್ಕದ ದಾರಿಯಲ್ಲಿ ನಡೆಯತೊಡಗಿದೆವು. ಅಕ್ಕನ ಚೀಲದಲ್ಲಿ ಮಾತ್ರ ಅವಲಕ್ಕಿ. ನಾಯಿ ಹಿಡಿದುಕೊಂಡು ಬಂದ ಒಬ್ಬರು ನಿಂತು, ಚೀಲದಲ್ಲಿ ಏನಿದೆ ಅಂತ ಕೇಳಿದರು.

"ಅಕ್ಕಿ" ಅಂದಳು ಗೆಳತಿ.

"ಅಕ್ಕಿ ಹೊತ್ತುಕೊಂಡು ಯಾಕೆ ನಡೀತಿದ್ದೀರಿ?"

"ನೀವು ನಾಯೀನ ವಾಕಿಂಗ್ ಕರ್ಕೊಂಡು ಬಂದಿಲ್ವಾ? ನಾವು ಅಕ್ಕೀನ."

ಮೇಲಿನ ಮಂಚ

ರೋಮಿನ ಹಾಸ್ಟೆಲ್ಲಿನಲ್ಲಿ ಒಂದರ ಮೇಲೊಂದು ಮಂಚ. ಕೌಂಟರಿನ ಹುಡುಗಿ ನಮ್ಮನ್ನು ನೋಡಿ, "ಮಕ್ಕಳನ್ನು ಹುಡುಕ್ತಾ ಇದೀರಾ?" ಅಂದಳು. ಆಮೇಲೆ ಪಾಪ, ಮೂರೂ ಕೆಳಗಿನ ಮಂಚ ಕೊಡುತ್ತೇನೆ ಅಂದಳು. ಗೆಳತಿಗೆ ರೋಷ ಬಂತು. ಮೇಲಿನದೇ ಬೇಕು ಅಂತ ಹಟ ಹಿಡಿದು, ಸರಸರ ಏಣಿ ಹತ್ತಿದಳು.

ಬೆಳಿಗ್ಗೆ ನಾವು ತಯಾರಾಗಿ ಕರೆದರೆ ಅವಳು ಅಲ್ಲೇ ಕೂತಿದ್ದಾಳೆ. ಏಣಿಯ ಮೇಲೆ ಕಾಲಿಡುವುದು, ತೆಗೆಯುವುದು.

"ಇಳಿಯೇ ಮಾರಾಯ್ತಿ!"

"ಯಾಕಿಳೀಬೇಕು? ಇಲ್ಲಿಂದಾನೂ ರೋಮ್ ಕಾಣಿಸ್ತದ. ಕಾಫಿ ಮ್ಯಾಲ ಕಳಸ್ರಿ."

ಕೊಡೆಯ ಹಿಂದೆ

ವೆನಿಸ್ಸಿನ ಸಂದಿಗಳಲ್ಲಿ ದಾರಿ ತಪ್ಪಿ ನಿಂತಿದ್ದಾಗ ನಮ್ಮ ದೇಶದ ಪ್ಯಾಕೇಜ್ ಟೂರ್ ಒಂದು ಎದುರಾಯಿತು. ಕೆಂಪು ಕೊಡೆ ಎತ್ತಿ ಹಿಡಿದಿದ್ದ ಗೈಡ್ ನಮ್ಮನ್ನು ಕಂಡದ್ದೇ, "ಆಂಟಿ, ಗುಂಪು ಬಿಡಬೇಡಿ ಅಂತ ಎಷ್ಟು ಸಲ ಹೇಳೋದು?" ಅಂತ ಹಿಂದಿಯಲ್ಲಿ ಗದರಿ ಸಾಲಿಗೆ ಸೇರಿಸಿದ.

"ನಾವು ನಿನ್ನ ಗುಂಪಿನವರಲ್ಲಪ್ಪ, ನಾವೇ ಬಂದಿದೀವಿ" ಅಂದೆ.

ಅವನು ನಂಬಲಿಲ್ಲ. ಆದರೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ನಂಬಿದರು. "ನೀವೇ ಬಂದಿದೀರಾ? ಯಾರೂ ಎಣಿಸಲ್ವಾ?" ಅಂತ ಪಿಸುಗುಟ್ಟಿದರು. ಮುಂದಿನ ತಿರುವಿನಲ್ಲಿ ನಾವು ತಪ್ಪಿಸಿಕೊಂಡೆವು. ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಂತು ನೋಡಿದರೆ ನಾವು ಐದು ಜನ.

ಫ್ಲಾರೆನ್ಸ್

ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ ಹತ್ತಬಹುದು, ಆದರೆ ಲಿಫ್ಟ್ ಇಲ್ಲ. ಹೃದಯದ ತೊಂದರೆ ಇರುವವರು ಹತ್ತಬಾರದು ಅಂತ ಬೋರ್ಡು. ಅಕ್ಕ ಅದನ್ನು ಓದಿ, "ತೊಂದರೆ ಇತ್ತು, ರಿಪೇರಿ ಆಗ್ಯದ" ಅಂದು ನಡೆದೇಬಿಟ್ಟರು.

ಇಕ್ಕಟ್ಟಾದ ಮೆಟ್ಟಿಲು. ನಾಲ್ಕು ಹೆಜ್ಜೆಗೊಮ್ಮೆ ಅಕ್ಕ ಗೋಡೆಗೆ ಕೈಯಿಟ್ಟು ನಿಲ್ಲುತ್ತಿದ್ದರು. ಹಿಂದಿನ ಹುಡುಗರು ನಿಟ್ಟುಸಿರು ಬಿಡುತ್ತಿದ್ದರು. ನನಗೆ ನಿಜವಾಗಿ ಭಯವಾಯಿತು. "ಅಕ್ಕಾ, ಇಲ್ಲಿಗೇ ಸಾಕು, ಇಳಿಯೋಣ" ಅಂದೆ.

"ಇಳಿಯೋ ಮಾತು ಆಡಬ್ಯಾಡ. ಮನ್ಯಾಗ ಕೂಡು ಕೂಡು ಅನ್ನೋರು ಸಾಕಷ್ಟು ಮಂದಿ ಇದ್ದಾರ. ನೀ ಚೀಲ ಹಿಡಿ."

ಕೊನೆಗೆ ಗುಮ್ಮಟದ ಒಳಗಿನ ಮೊಗಸಾಲೆ ಮುಟ್ಟಿದೆವು. ಮೇಲೆ ಆಕಾಶದಷ್ಟು ಚಿತ್ರ, ಕೆಳಗೆ ಇರುವೆಯಂಥ ಜನ. ಗೆಳತಿ ಕಣ್ಣೊರೆಸಿಕೊಂಡಳು; ನಾನೂ. ಅಕ್ಕ ಮಾತ್ರ ಏದುಸಿರು ಬಿಡುತ್ತ ನಿಂತರು. ಉಸಿರು ಸಿಕ್ಕ ಕೂಡಲೇ ಕಂಬಿಯಿಂದಾಚೆ ಬಾಗಿ, ಎದೆ ತುಂಬ ಗಾಳಿ ಎಳೆದು ಕೂಗಿದರು: "ಓ..."

ಜನ ಬೆಚ್ಚಿದರು. ಕಾವಲಿನವನು ಓಡಿ ಬಂದು ಅದಕ್ಕಿಂತ ಜೋರಾಗಿ, "ಸಿಲೆಂತ್ಸಿಯೋ!" ಅಂತ ಅರಚಿದ, ಸದ್ದು ಮಾಡಬೇಡಿ ಅಂತ.

ಅಕ್ಕ ಅವನಿಗೆ ಕೈ ತೋರಿಸಿ ಸುಮ್ಮನಿರಿಸಿದರು. ಕಿವಿಗೊಟ್ಟು, ಬೆರಳು ಮಡಚಿ ಎಣಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ಹುಟ್ಟೂರು ವಿಜಯಪುರದ ಗತ್ತಿನಲ್ಲಿ ತೀರ್ಪು ಕೊಟ್ಟರು:

"ಅಂವ ಅಷ್ಟು ಒದರಿದ್ರೂ ಒಂದs ಸಲ ಕೇಳಸ್ತು. ನಮ್ಮ ಗೋಳಗುಮ್ಮಟದಾಗ ಏಳು. ಫೇಲ್! ನಡೀರಿ."