ಧ್ರುವದ ಹಿಮಕ್ಕೆ ಸನವಳ್ಳಿಯ ಕಂಬಳಿ

ಕಾಣದ್ದನ್ನು ಕಂಡವರಂತೆ ವರ್ಣಿಸುವ ಧೈರ್ಯ ಪುರಾಣ ಹೇಳುವವರನ್ನು ಬಿಟ್ಟರೆ ನಮ್ಮಂಥ ವಿಜ್ಞಾನದ ಮಾಸ್ತರರಿಗೇ ಇರಬೇಕು. ಎಂಬತ್ತರ ದಶಕದ ಆರಂಭದಲ್ಲಿ ಮುಂಡಗೋಡದ ಹೈಸ್ಕೂಲಿನಲ್ಲಿದ್ದ ನಾನು ಧ್ರುವಪ್ರದೇಶವನ್ನು ನಮ್ಮ ಮನೆಯ ಹಿತ್ತಲಿನಂತೆ ವಿವರಿಸುತ್ತಿದ್ದೆ. ಎಲ್ಲೋ ಓದಿದ್ದೆ: ಹಿಮದಿಂದ ಸದಾ ಸೂಕ್ಷ್ಮ ತರಂಗಗಳು ಹೊರಡುತ್ತವಂತೆ, ಕತ್ತಲಿರಲಿ, ಮೋಡವಿರಲಿ, ಉಪಗ್ರಹ ಅವನ್ನು ಮೇಲಿನಿಂದಲೇ ಹಿಡಿಯುತ್ತದಂತೆ, ಹಿಮದ ಮೈ ತುಸು ಒದ್ದೆಯಾದರೂ ಅದಕ್ಕೆ ಗೊತ್ತಾಗುತ್ತದಂತೆ. ಪಾಠ ರಂಗೇರಿದ್ದಾಗ ನೀಲವ್ವ ಎಂಬ ಹುಡುಗಿ ಎದ್ದು, "ಸರ, ಹಿಮ ಕೈಯಾಗ ಹಿಡದ್ರ ಹೆಂಗಿರ್ತೈತ್ರಿ?" ಎಂದಳು. ಐಸ್‌ಕ್ಯಾಂಡಿ ಬಿಟ್ಟು ಬೇರೇನನ್ನೂ ಹಿಡಿದವನಲ್ಲ ನಾನು. ಆದರೂ ಸೋಮವಾರ ತಂದು ತೋರಿಸುತ್ತೇನೆಂದು ಜಂಬದಿಂದ ಮಾತು ಕೊಟ್ಟೆ.

ಸೋಮವಾರ ಹುಬ್ಬಳ್ಳಿಯಲ್ಲಿ ರುಬ್ಬುಗುಂಡಿನಷ್ಟು ದಪ್ಪ ಬರ್ಫಿನ ಗಡ್ಡೆ, ಅಂದರೆ ಮಂಜುಗಡ್ಡೆ, ಕೊಂಡು, ಗೋಣಿಚೀಲದಲ್ಲಿ ಸುತ್ತಿ, ಮುಂಡಗೋಡದ ಬಸ್ಸಿನ ಸೀಟಿನ ಕೆಳಗಿಟ್ಟು, ಪಾಠದ ಟಿಪ್ಪಣಿ ಓದುತ್ತ ಕುಳಿತೆ. ದಾರಿಯಲ್ಲಿ ತಡಸ ಊರು ದಾಟುವಷ್ಟರಲ್ಲಿ ಮುಂದಿನ ಸೀಟಿನ ಮುದುಕಿ ತಿರುಗಿದಳು. ಸನವಳ್ಳಿಯ ಗೌರವ್ವ, ನೀಲವ್ವನ ಅಜ್ಜಿ. "ಮಾಸ್ತರ್ರ, ನಿಮ್ಮ ಚೀಲ ಅಳಾಕತ್ತೈತಿ ನೋಡ್ರಿ. ನನ್ನ ಕಾಲು ತೋಯ್ದಾವ." ಧ್ರುವದ ಒದ್ದೆಯನ್ನು ಆಕಾಶದಿಂದ ಪತ್ತೆ ಮಾಡಿಸುತ್ತಿದ್ದವನಿಗೆ ಸ್ವಂತ ಸೀಟಿನ ಕೆಳಗಿನ ಒದ್ದೆ ಗೊತ್ತಾಗಿರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದರೂ ಇವರಿಗೆ ತಿಳಿಯುವುದಿಲ್ಲ ಎಂಬ ದೂರು ಮನೆಯಲ್ಲಿ ಮೊದಲಿನಿಂದಲೂ ಇತ್ತೆನ್ನಿ.

ಗಡ್ಡೆ ಆಗಲೇ ತೆಂಗಿನಕಾಯಿಯಷ್ಟಾಗಿತ್ತು. ಗೌರವ್ವ ಹೆಗಲ ಮೇಲಿನ ಕಂಬಳಿ ತೆಗೆದಳು. "ಬ್ಯಾಡವ್ವ, ಕಂಬಳಿ ಬೆಚ್ಚಗಿರತೈತಿ, ಇನ್ನಷ್ಟು ಕರಗತೈತಿ" ಎಂದೆ, ಬಿ.ಎಸ್ಸಿ. ಓದಿದವನ ಗತ್ತಿನಲ್ಲಿ.

"ಕಂಬಳ್ಯಾಗ ಒಲಿ ಹಚ್ಚ್ಯಾರೇನ್ರಿ? ಕುರುಬರು ಬಿಸಲಾಗೂ ಹೊದ್ದಿರ್ತಾರ. ಹೊರಗಿಂದು ಒಳಗ ಬಿಡೂದಿಲ್ಲ ಅದು. ನಮ್ಮ ಹುಡುಗಿ ಬರ್ಫ ಬರ್ಫ ಅಂತ ಉಣ್ಣೂದ ಬಿಟ್ಟಾಳ. ತರ್ರಿ ಇಲ್ಲೆ" ಎಂದು ಗಡ್ಡೆಯನ್ನು ಕೂಸಿನಂತೆ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಮುಂಡಗೋಡದವರೆಗೆ ಹಾಗೆಯೇ ಕುಳಿತಿದ್ದಳು. ನನಗೆ ನಾಚಿಕೆಯಾಯಿತು.

ಗೌರವ್ವ ಶಾಲೆಗೂ ಬಂದಳು. ಕಂಬಳಿ ಬಿಚ್ಚಿದಾಗ ಲಿಂಬೆಹಣ್ಣಿಗಿಂತ ತುಸು ದೊಡ್ಡದು ಉಳಿದಿತ್ತು. ಅದು ಕೈಯಿಂದ ಕೈಗೆ ಹೋಗುವಾಗ ಮಕ್ಕಳ ಮುಖ ನೋಡುತ್ತ ನಾನು ಪಾಠವನ್ನೇ ಮರೆತೆ. ಕೊನೆಗೆ ಅದು ನೀಲವ್ವನ ಅಂಗೈಯಲ್ಲಿ ನೀರಾಯಿತು. ನಾನು ಸಾವರಿಸಿಕೊಂಡು, ಹೀಗೆ ಒದ್ದೆಯಾದದ್ದು ಉಪಗ್ರಹಕ್ಕೆ ಕೂಡಲೇ ಗೊತ್ತಾಗುತ್ತದೆ ಎಂದು ಪಾಠ ಮುಂದುವರಿಸಿದೆ.

ನೀಲವ್ವ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಕರಗೂದು ಅದಕ್ಕ ಗೊತ್ತಾಕ್ಕೈತಿ, ಖರೆ. ಆಮ್ಯಾಲ ಕಂಬಳಿ ಯಾರು ಹೊದಸ್ತಾರ್ರಿ, ಸರ?"

ಬಾಗಿಲಲ್ಲಿ ಒದ್ದೆ ಕಂಬಳಿ ಹಿಂಡುತ್ತಿದ್ದ ಗೌರವ್ವನೂ ಕೈ ನಿಲ್ಲಿಸಿ ನನ್ನತ್ತ ನೋಡಿದಳು. ಉತ್ತರ ಗೊತ್ತಿಲ್ಲದಾಗ ಎಲ್ಲ ಮಾಸ್ತರರೂ ಹೇಳುವುದನ್ನೇ ನಾನೂ ಹೇಳಿದೆ: "ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದ್ರು."