ಅಳಿವೆಯ ರಾಡಿಯಲ್ಲಿ ಶಿಬಿರದ ನಿರ್ದೇಶಕಿ

ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಸುವುದು ಹೇಗೆ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಂಕೋಲೆಯ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಬೀಜಗಣಿತ ಕಂಡರೆ ಜ್ವರ ಬರಿಸಿಕೊಳ್ಳುತ್ತಿದ್ದವರನ್ನೆಲ್ಲ ಪಾಸು ಮಾಡಿಸಿದ್ದೇನೆ. ಆದರೆ ನನ್ನ ಮನೆಯಲ್ಲೇ ಇದ್ದ ಒಂದು ಮಗುವಿನ ಮುಂದೆ ಮಾತ್ರ ನನ್ನ ವಿದ್ಯೆ ನಡೆಯುತ್ತಿರಲಿಲ್ಲ. ಅವಳು ನನ್ನ ಮಗಳು ಮೈತ್ರಿ.

ವಯಸ್ಸು ಹತ್ತು. ಬುದ್ಧಿಗೆ ಕಡಿಮೆಯಿಲ್ಲ, ದನಿ ಮಾತ್ರ ಗಂಟಲು ದಾಟಿ ಆಚೆ ಬರುವುದಿಲ್ಲ. ಒಮ್ಮೆ ಸಾಬೂನು ತರಲು ಅಂಗಡಿಗೆ ಕಳಿಸಿದರೆ ಸಾಬೂದಾಣಿ ತಂದಳು. ಅಂಗಡಿಯವನಿಗೆ ಮೊದಲಿನ ಎರಡಕ್ಷರವಷ್ಟೇ ಕೇಳಿಸಿತ್ತಂತೆ! “ಬದಲಿಸಿಕೊಂಡು ಬಾ” ಅಂದರೆ ಕಣ್ಣು ತುಂಬಿಕೊಂಡಳು. ಅಂದು ನಮ್ಮ ಮನೆಯಲ್ಲಿ ಖಿಚಡಿ ಭರ್ಜರಿಯಾಗಿತ್ತು. ಸ್ನಾನ ಬರೀ ನೀರಿನಲ್ಲಾಯಿತು.

ಅಂದೇ ತೀರ್ಮಾನಿಸಿದೆ. ಇದಕ್ಕಿರುವ ಏಕೈಕ ಔಷಧ ಬೇಸಿಗೆ ಶಿಬಿರ. ಅದನ್ನು ಬೇರೆ ಯಾರೋ ಏಕೆ ನಡೆಸಬೇಕು? ನಾನೇ ನಡೆಸುತ್ತೇನೆ!

ನಮ್ಮ ಮನೆಯವರು ದಿನಾ ಕಾರವಾರದ ಕಚೇರಿಗೆ ಬಸ್ಸಿನಲ್ಲಿ ಹೋಗಿಬರುವವರು, ಮಾತು ಕಡಿಮೆ. ಅಂದು ಮಾತ್ರ ಬಾಯಿ ತೆರೆದರು.

“ಮಗಳ ದನಿ ಏರಿಸೂಕೆ ಊರ ಮಕ್ಕಳನ್ನೆಲ್ಲ ಗುಡ್ಡೆ ಹಾಕ್ಬೇಕಾ ಮಾರಾಯ್ತಿ?”

“ನಿಮಗೆ ಮಕ್ಕಳ ಮನಃಶಾಸ್ತ್ರ ಗೊತ್ತಿಲ್ಲ” ಅಂದೆ.

“ಅಡ್ಡಿಲ್ಲ” ಅಂದರು. ನಮ್ಮ ಕಡೆ ‘ಅಡ್ಡಿಲ್ಲ’ ಅಂದರೆ ಒಪ್ಪಿಗೆಯೂ ಹೌದು, ‘ನಿನ್ನ ಹಣೆಬರಹ’ ಎಂಬುದೂ ಹೌದು.

ಕರಪತ್ರವನ್ನು ನಾನೇ ಬರೆದೆ. ‘ಮಗುವಿನ ಸರ್ವಾಂಗೀಣ ವಿಕಾಸಕ್ಕೆ ಹತ್ತು ದಿನಗಳು.’ ಕೆಳಗೆ ದಪ್ಪಕ್ಷರದಲ್ಲಿ ‘ನಿರ್ದೇಶಕಿ’ ಎಂದು ನನ್ನ ಹೆಸರು. ಪಕ್ಕದೂರು ಶೆಟಗೇರಿಯಿಂದಲೂ ಐವರು ಬಂದು ಒಟ್ಟು ಹದಿನೆಂಟು ಮಕ್ಕಳಾದರು. ಮೊದಲ ದಿನ ಅವರನ್ನು ಸಾಲಾಗಿ ಕೂರಿಸಿ, ಭಯವೆಂಬುದು ಮನಸ್ಸಿನ ಭ್ರಮೆ ಎಂದು ನಲವತ್ತು ನಿಮಿಷ ಭಾಷಣ ಮಾಡಿದೆ. ಏಳು ಮಕ್ಕಳು ನಿದ್ದೆ ಹೋದರು. ಭಯವಿಲ್ಲದವರಿಗೆ ಮಾತ್ರ ಹಾಗೆ ನಿದ್ದೆ ಬರುತ್ತದೆ ಎಂದು ಸಮಾಧಾನಪಟ್ಟೆ.

ಎರಡನೆಯ ದಿನ ಯೋಗದ ಮಾಸ್ತರರು ಬರಲಿಲ್ಲ. ಹಲಾಸನವನ್ನು ನಾನೇ ತೋರಿಸಿದೆ. ಕಾಲು ತಲೆಯ ಹಿಂದಕ್ಕೆ ಸಲೀಸಾಗಿ ಹೋಯಿತು. ವಾಪಸ್ ಬರಲಿಲ್ಲ! ಇಬ್ಬರು ಮಕ್ಕಳು ಒಂದೊಂದು ಕಾಲು ಹಿಡಿದು ಎತ್ತಿ ಸ್ವಸ್ಥಾನಕ್ಕೆ ತಂದಿಟ್ಟರು. ಇಂಥ ಸಣ್ಣಪುಟ್ಟ ತಾಂತ್ರಿಕ ದೋಷಗಳಿಂದ ನಾನು ಎದೆಗುಂದುವವಳಲ್ಲ. ಐದನೆಯ ದಿನಕ್ಕೆ ‘ನಿಸರ್ಗದ ಮಡಿಲಲ್ಲಿ’ ಎಂಬ ಕಾರ್ಯಕ್ರಮ ಹಾಕಿದೆ. ಗಂಗಾವಳಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ನೀರು ಇಳಿದಾಗ, ಮರಳು ಕೆದರಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವುದು. ಬಳಚಿನ ಸುಕ್ಕ ನಾನು ಹುಟ್ಟಿದಾಗಿನಿಂದ ತಿಂದಿದ್ದೇನೆ. ಹೆಕ್ಕಿದ್ದು ಮಾತ್ರ ಒಂದು ದಿನವೂ ಇಲ್ಲ.

ಹೆಕ್ಕಲು ಕಲಿಸಲಿಕ್ಕೆ ನಾಗಮ್ಮನನ್ನು ಕರೆದೆ. ಮೀನು ಪೇಟೆಯಲ್ಲಿ ನಮಗೆ ಬಳಚು ಮಾರುವವಳು, ಅರವತ್ತರ ಗಟ್ಟಿ ಜೀವ. ದಡದಲ್ಲೇ ಮಕ್ಕಳನ್ನು ನಿಲ್ಲಿಸಿ ಅವಳು ಹೇಳಿದ್ದು ಎರಡೇ ಮಾತು.

“ಈ ಬಿಳಿ ಹೊಯ್ಗೆ ಮೇಲೇ ನನ್ನ ಹಿಂದಿಂದ ಬರ್ರಿ. ಆ ಕರಿ ರಾಡಿಗೆ ಮಾತ್ರ ಕಾಲ್ ಇಡ್ಬೇಡಿ. ಮುಂದೆ ಹೋಗೂಕೂ ಆಗೂದಿಲ್ಲ, ಹಿಂದೆ ಬರೂಕೂ ಆಗೂದಿಲ್ಲ.”

ಮೈತ್ರಿಯೂ ಸೇರಿ ಹದಿನೆಂಟೂ ಮಕ್ಕಳು ಅವಳ ಹಿಂದೆ ಹೊರಟರು. ಮರಳದಿಣ್ಣೆ ಮೊದಲು ನೇರ ಹೋಗಿ, ಆಮೇಲೆ ಎಡಕ್ಕೆ ತಿರುಗುತ್ತಿತ್ತು. ನಾನು ನೋಡಿದೆ. ಅಪ್ಪಟ ಲಂಬಕೋನ! ತ್ರಿಭುಜದ ಎರಡು ಬಾಹುಗಳ ಮೊತ್ತ ಮೂರನೆಯ ಬಾಹುವಿಗಿಂತ ಹೆಚ್ಚು ಎಂದು ಹದಿನಾರು ವರ್ಷ ಬೋರ್ಡಿನ ಮೇಲೆ ಬರೆದವಳು ಎರಡು ಬಾಹು ಸುತ್ತಿಕೊಂಡು ಹೋಗುವುದುಂಟೇ? ಶಿಬಿರಕ್ಕೆಂದೇ ಕೊಂಡ ಹೊಸ ಬೂಟಿನಲ್ಲಿ ಮೂರನೆಯ ಬಾಹುವಿನ ಮೇಲೆ ಹೆಜ್ಜೆಯಿಟ್ಟೆ.

ಆರು ಹೆಜ್ಜೆ ಗಣಿತದ ಪ್ರಕಾರ ನಡೆಯಿತು. ಏಳನೆಯದು ಮೊಣಕಾಲಿನವರೆಗೆ ಒಳಗೆ ಹೋಯಿತು!

ಬಲಗಾಲು ಎಳೆಯಲು ಎಡಗಾಲಿಗೆ ಭಾರ ಕೊಟ್ಟೆ. ಎಡಗಾಲೂ ಹೋಯಿತು. ಎಡಗಾಲು ಎಳೆಯಲು ಹೋದರೆ ಬಲಗಾಲು ಇನ್ನೊಂದು ಗೇಣು ಇಳಿಯಿತು. ತೊಡೆ ಮುಳುಗುವಷ್ಟರಲ್ಲಿ ಪ್ರಯೋಗ ನಿಲ್ಲಿಸಿದೆ.

ಆಗಲೇ ಕೂಗಬೇಕಿತ್ತು. ಆದರೆ ನಿರ್ದೇಶಕಿ ಕೂಗುವುದೇ? ಸೊಂಟಕ್ಕೆ ಕೈ ಕೊಟ್ಟು, ಸಮುದ್ರ ನೋಡುತ್ತ, ಅಲ್ಲೇ ನಿಲ್ಲುವುದು ನನ್ನ ಮೂಲ ಯೋಜನೆಯಾಗಿತ್ತು ಎಂಬಂತೆ ನಿಂತೆ. ದೂರದಿಂದ ಒಬ್ಬ ಹುಡುಗ ಕೇಳಿದ, “ಟೀಚರ್, ನೀವ್ಯಾಕೆ ಗಿಡ್ಡ ಆಗಿದ್ದೀರಿ?”

“ಕೂತ್ಕೊಂಡಿದ್ದೇನೆ” ಅಂದೆ.

ಮುಕ್ಕಾಲು ಗಂಟೆ ಹೀಗೆ ಕೂತಂತೆ ನಿಂತಿದ್ದೆ. ಮಕ್ಕಳು ಬುಟ್ಟಿ ತುಂಬಿ ಕೇಕೆ ಹಾಕುತ್ತಿದ್ದರು. ಅಷ್ಟರಲ್ಲಿ ನಾಗಮ್ಮ, “ನೀರು ತಿರುಗ್ತು, ನಡೀರಿ ಮೇಲೆ” ಎಂದು ಮಕ್ಕಳನ್ನು ಅಟ್ಟಿಕೊಂಡು ದಡದತ್ತ ಹೊರಟಳು. ನೋಡುತ್ತೇನೆ, ಸಮುದ್ರದ ಕಡೆಯಿಂದ ನೀರಿನ ಒಂದು ತೆಳು ನಾಲಿಗೆ ರಾಡಿಯ ಮೇಲೆ ಹರಿದು ನನ್ನತ್ತಲೇ ಬರುತ್ತಿದೆ.

ಈಗ ಪ್ರತಿಷ್ಠೆ ಬಿಟ್ಟು, “ನಾಗಮ್ಮಾ” ಎಂದು ಕರೆದೆ. ದನಿಯೇ ಬರಲಿಲ್ಲ! ನಾಚಿಕೆಗೋ ಹೆದರಿಕೆಗೋ ಗಂಟಲು ಒಣಗಿ, ಇಲಿಮರಿ ಕಿಚಗುಟ್ಟಿದಂತಾಯಿತು.

ತಿರುಗಿ ನೋಡಿದ್ದು ಸಾಲಿನ ಕೊನೆಯಲ್ಲಿದ್ದ ಮೈತ್ರಿ ಒಬ್ಬಳೇ. ದಿಣ್ಣೆಯ ಅಂಚಿಗೆ ಓಡಿ ಬಂದಳು.

“ಅಮ್ಮಾ, ಹುಗಿದು ಹೋಗಿದ್ದೀಯಾ?”

“ಇಲ್ಲ ಪುಟ್ಟಾ. ಸ್ವಲ್ಪ ತಡ ಆಗ್ತದೆ, ಅಷ್ಟೆ.”

“ನೀರು ಬರ್ತಾ ಅದೆ ಅಮ್ಮಾ.”

“ಗೊತ್ತು. ಮೆಲ್ಲಗೆ ಹೋಗಿ ನಾಗಮ್ಮನಿಗಷ್ಟೇ ಹೇಳು. ಬೇರೆ ಯಾರಿಗೂ ಗೊತ್ತಾಗಬಾರದು.”

ಅವಳು ನನ್ನನ್ನು ನೋಡಿದಳು. ನೀರನ್ನು ನೋಡಿದಳು. ಮರುಕ್ಷಣ ಎರಡೂ ಕೈ ಬಾಯಿಗಿಟ್ಟು, ಹತ್ತು ವರ್ಷ ಕೂಡಿಟ್ಟ ದನಿಯನ್ನೆಲ್ಲ ಒಮ್ಮೆಗೇ ಬಿಟ್ಟಳು:

“ನಮ್ಮಮ್ಮ ರಾಡಿಯಲ್ಲಿ ಹುಗಿದು ಹೋಗ್ಯಾಳೆ! ಎಲ್ಲಾರೂ ಬರ್ರೋ!”

ಎಲ್ಲಾರೂ ಬಂದರು! ದಡದಲ್ಲಿ ಬಲೆ ಹೆಣೆಯುತ್ತಿದ್ದವರು, ಒಣಮೀನು ಹರವುತ್ತಿದ್ದ ಹೆಂಗಸರು, ದೋಣಿಯವರು, ಯಾರದೋ ಮನೆಗೆ ಬಂದಿದ್ದ ನೆಂಟರು. ಎಲ್ಲರಿಗಿಂತ ಮೊದಲು ನಾಗಮ್ಮ.

“ಹೇಳಿದ್ದು ಹದಿನೆಂಟು ಮಕ್ಕಳಿಗೂ ತಿಳೀತು. ನಿಮಗೊಬ್ರಿಗೇ ತಿಳೀಲಿಲ್ವಾ ಅಕ್ಕೋರೆ? ಮಲಗ್ರಿ!”

“ಎಲ್ಲಿ? ಇಲ್ಲೇ?”

“ಮತ್ತೆ ಮಂಚ ತರ್ಬೇಕಾ? ನಿಂತ್ರೆ ಇನ್ನೂ ಒಳಗೆ ಹೋಗ್ತ್ರಿ. ಹೊಟ್ಟೆ ಮೇಲೆ ಮಲಗಿ, ಹಗ್ಗ ಹಿಡೀರಿ.”

ಮಲಗಿದೆ. ದೋಣಿಯ ಹಗ್ಗ ಬಂದು ಮುಂದೆ ಬಿತ್ತು. ಆ ತುದಿಯಲ್ಲಿ ನಾಗಮ್ಮ, ಇಬ್ಬರು ದೋಣಿಯವರು, ಹಿಂದೆ ಹದಿನೇಳು ಮಕ್ಕಳು. ಹದಿನೆಂಟನೆಯವಳು ಬದಿಗೆ ನಿಂತು, “ಒಂದ್, ಎರಡ್, ಎಳೀರಿ!” ಎಂದು ಗಂಟಲು ಹರಿಯುವಂತೆ ಅಪ್ಪಣೆ ಕೊಡುತ್ತಿದ್ದಳು. ಪಚಕ್ ಎಂಬ ಸದ್ದಿನೊಂದಿಗೆ ನಾನು ಹೊರಬಂದೆ. ಬೂಟುಗಳು ಬರಲಿಲ್ಲ.

ಮಕ್ಕಳು ಚಪ್ಪಾಳೆ ತಟ್ಟಿದರು. ಮೈತ್ರಿ ತಟ್ಟಲಿಲ್ಲ. ಓಡಿ ಬಂದು, ರಾಡಿಯನ್ನೂ ನೋಡದೆ ನನ್ನನ್ನು ಅಪ್ಪಿಕೊಂಡು ಅತ್ತಳು. ಆಮೇಲೆ ಮನೆ ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. “ಯಾರಿಗೂ ಹೇಳ್ಬೇಡ ಅಂತೀಯಲ್ಲ, ನಿನಗೆ ಬುದ್ಧಿ ಇಲ್ವಾ?” ಎಂದು ಬಸ್ ಸ್ಟ್ಯಾಂಡಿನಲ್ಲಿ ಅವಳು ಕೇಳಿದ್ದು ಅತ್ತಕಡೆಯ ರಿಕ್ಷಾದವರಿಗೂ ಕೇಳಿಸಿತು.

ಸ್ನಾನ ಮುಗಿಸುವಷ್ಟರಲ್ಲಿ ಕಾರವಾರದಿಂದ ಫೋನು.

“ಇಲ್ಲಿ ಆಫೀಸಿನಲ್ಲಿ ಎಲ್ಲಾರೂ ನೋಡ್ತಾ ಇದ್ದಾರೆ” ಎಂದರು ನಮ್ಮ ಮನೆಯವರು.

“ಏನನ್ನ?”

“ನೀನು ಮಲಗಿದ್ದನ್ನ. ಅಲ್ಲಿ ಯಾರದೋ ಮನೆಗೆ ಬಂದ ನೆಂಟರು ವಿಡಿಯೋ ಮಾಡಿದ್ರಂತೆ. ಸಾಹೇಬರು ಎರಡು ಸಲ ನೋಡಿದ್ರು.”

ಶಿಬಿರ ಹೇಗೋ ಮುಗಿಯಿತು. ಸಮಾರೋಪದಲ್ಲಿ ಮೈತ್ರಿ ಮೈಕು ಬೇಡವೆಂದು ಪಕ್ಕಕ್ಕೆ ಸರಿಸಿ, ಆ ದಿನದ ಕಥೆಯನ್ನು ಒಂದು ವಿವರವನ್ನೂ ಬಿಡದೆ ಸಭೆಗೆ ಹೇಳಿದಳು. ಬೇಸಿಗೆ ಶಿಬಿರದಿಂದ ಮಕ್ಕಳ ಆತ್ಮವಿಶ್ವಾಸ ಹೆಚ್ಚುತ್ತದೆ ಎಂಬ ನನ್ನ ಸಿದ್ಧಾಂತ ನನ್ನ ಕಣ್ಣೆದುರೇ, ನನ್ನ ಖರ್ಚಿನಲ್ಲೇ ಸಾಬೀತಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಭೆ ಮುಗಿದದ್ದೇ ತಡ, ತಾಯಂದಿರು ಸುತ್ತುವರಿದರು. “ಬರೂ ವರ್ಷವೂ ಮಾಡಿ ಟೀಚರ್. ನಮ್ಮ ಮಕ್ಕಳು ಮನೇಲಿ ನಾಗಮ್ಮನ ಸುದ್ದಿಯೇ ಹೇಳ್ತವೆ. ನಾಗಮ್ಮ ಮಾತ್ರ ಬೇಕೇ ಬೇಕು. ನಿಮಗೆ ಬರೂಕೆ ಆಗ್ಲಿಲ್ಲ ಅಂದ್ರೂ ಅಡ್ಡಿಲ್ಲ!”

ಮೈತ್ರಿ ಅಲ್ಲೇ ಮೇಜಿನ ಮುಂದೆ ಕೂತು ಮುಂದಿನ ವರ್ಷದ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಳು. ಆದಷ್ಟು ಗಾಂಭೀರ್ಯದಿಂದ, “ನನ್ನ ಹೆಸರೂ ಇರಲಿ” ಅಂದೆ. ಅವಳು ನಾಗಮ್ಮನ ಮುಖ ನೋಡಿದಳು. ನಾಗಮ್ಮ ಸ್ವಲ್ಪ ಯೋಚಿಸಿ ‘ಅಡ್ಡಿಲ್ಲ’ ಎಂಬಂತೆ ತಲೆಯಾಡಿಸಿದಳು. ಮೈತ್ರಿ ಬರೆದುಕೊಂಡಳು.

ಬಗ್ಗಿ ನೋಡಿದೆ. ನನ್ನ ಹೆಸರು ಶಿಬಿರಾರ್ಥಿಗಳ ಪಟ್ಟಿಯಲ್ಲಿತ್ತು. ಆರು ವರ್ಷದೊಳಗಿನವರ ಗುಂಪಿನಲ್ಲಿ.